ಟೈಲ್ಸ್ ಮುಚ್ಚಿದ ಅರ್ಥಿಂಗ್

ನಮ್ಮನೆಯವರು ಕೆಲಸದ ಚೀಲ ಮುಟ್ಟಿ ಮೂರು ತಿಂಗಳಾಯ್ತು. ಇಪ್ಪತ್ತೆಂಟು ವರ್ಷ ವೈರಿಂಗ್ ಮಾಡಿದ ಮನುಷ್ಯ, ಈಗ ಒಂದು ಬಲ್ಬ್ ಬದಲಾಯಿಸೋಕೂ ಏಳಲ್ಲ. ಬೈದು ನೋಡಿದೆ, ಅತ್ತು ನೋಡಿದೆ, ಕಾಲು ಹಿಡಿಯೋದೊಂದು ಬಾಕಿ. ಜಪ್ಪಯ್ಯ ಅಂದ್ರೂ ಜಗ್ಗಲ್ಲ.

ಮೊದಲು ಇವರ ಬಾಯಿ ಮುಚ್ಚಿಸೋದೇ ಕಷ್ಟವಿತ್ತು. ಯಾರ ಮನೆಗೆ ಹೋದರೂ "ಚೆನ್ನಾಗಿದ್ದೀರಾ" ಅನ್ನೋಕೆ ಮುಂಚೆ "ಗುಂಡಿಗೆ ನೀರು ಹಾಕಿದ್ರಾ?" ಅನ್ನೋ ಆಸಾಮಿ. ಸಿಡಿಲು ಬಡಿದಾಗ ತಂತಿಯಲ್ಲಿ ನುಗ್ಗೋ ಕರೆಂಟು ಅಂಗಳದ ಅರ್ಥಿಂಗ್ ಗುಂಡಿಗಿಳಿದು ಮಣ್ಣು ಸೇರಬೇಕು, ಆ ಮಣ್ಣು ಒಣಗಿದ್ರೆ ಟಿವಿ, ಫ್ರಿಜ್ಜು ಎಲ್ಲಾ ಢಮಾರ್. ದಿನಾ ಇದೇ ಪುರಾಣ. ಬೀದಿಯವರು "ಗುಂಡಿ ಮಾವ" ಅಂತಲೇ ಕರೀತಿದ್ರು.

ಇವರಿಗೆ ಒಬ್ಬಳೇ ತಂಗಿ. ಗಂಡ ಹೋದ ಮೇಲೆ ಅವಳ ಹೊಟ್ಟೆ ಹೊರೆದಿದ್ದು ಒಂದು ಕಂಪ್ಯೂಟರ್ ಕಸೂತಿ ಮೆಷಿನ್. ಅದಕ್ಕೋಸ್ಕರ ಇವರೇ ಅವಳ ಅಂಗಳದಲ್ಲಿ ಗುಂಡಿ ತೋಡಿ, ಸಿಡಿಲಿನ ಕರೆಂಟನ್ನ ಅದಕ್ಕೆ ತಿರುಗಿಸೋ ಸರ್ಜ್ ಪ್ರೊಟೆಕ್ಟರ್ ಕೂರಿಸಿಕೊಟ್ಟಿದ್ರು.

ಬೇಸಿಗೇಲಿ ಅವಳು ಅಂಗಳಕ್ಕೆ ಟೈಲ್ಸ್ ಹಾಕಿಸಿದಳು. ಕೆಲಸದವರು ಗುಂಡೀನೂ ಸೇರಿಸಿ ಮುಚ್ಚಿಬಿಟ್ರು. ನೋಡೋಕೆ ಹೋದಾಗ ಇವರು ಅದೇ ಮೂಲೇಲಿ ನಿಂತು ಕಾಫಿ ಕುಡಿದು, "ಕನ್ನಡಿ ಥರ ಹೊಳೀತಿದೆ ಕಣೆ" ಅಂತ ಹೊಗಳಿ ಬಂದ್ರು. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಹಾಗಾಯ್ತು. ನಾನೂ ಪಕ್ಕದಲ್ಲೇ ಇದ್ದೆ, ನನಗಾದ್ರೂ ಹೊಳೀಬಾರದಿತ್ತಾ!

ಮೊದಲ ಮಳೆಯ ದಿನ, ಮಟಮಟ ಮಧ್ಯಾಹ್ನ, ಅವಳ ಮನೆ ಹತ್ತಿರದ ಕಂಬಕ್ಕೆ ಸಿಡಿಲು ಬಡೀತು. ಫೋನ್ ಬಂದ ತಕ್ಷಣ ಓಡಿದ್ವಿ. ಮೆಷಿನ್ ಒಳಗಿನ ಬೋರ್ಡು ಸುಟ್ಟು ಇದ್ದಿಲಾಗಿತ್ತು. ಸೂಜಿ ಅರ್ಧ ಹೂವಿನಲ್ಲೇ ನಿಂತಿತ್ತು. ಅಷ್ಟು ಹಳೇ ಮೆಷಿನ್ನಿನ ಬೋರ್ಡು ಈಗ ಎಲ್ಲಿ ಹುಡುಕಿದ್ರೂ ಸಿಗಲ್ಲ. ನಾದಿನಿ ಇವತ್ತು ಬೇರೆಯವರ ಅಂಗಡೀಲಿ ಕಾಜ ಹೊಲೀತಾಳೆ.

ಅವತ್ತು ಇವರು ಸುತ್ತಿಗೆ ತಗೊಂಡು ಟೈಲ್ಸ್ ಒಡೆದ್ರು. ಕೆಳಗೆ ಮಣ್ಣು ಬೂದಿ ಹಾಗೆ ಒಣಗಿತ್ತು. ಪಕ್ಕದ ಮನೇಲಿ ಪ್ರೊಟೆಕ್ಟರ್ ಅನ್ನೋದೇ ಇಲ್ಲ. ಗುಡುಗು ಕೇಳಿದ ತಕ್ಷಣ ಪ್ಲಗ್ ಕಿತ್ತಿದ್ರಂತೆ, ಅವರದೊಂದೂ ಹೋಗಿಲ್ಲ. ಅದನ್ನ ಕೇಳಿ ಇವರಿಗೆ ತಡೀಲಾಗಲಿಲ್ಲ. ಪಾಪದವಳ ಮೇಲೇ ರೇಗಿದ್ರು.

"ನಿನಗೊಂದು ಪ್ಲಗ್ ಕೀಳೋಕಾಗ್ಲಿಲ್ವೇನೆ?"

ಅವಳು ಸಿಟ್ಟಾಗ್ಲಿಲ್ಲ. ಕಣ್ಣಲ್ಲಿ ನೀರೂ ಇರಲಿಲ್ಲ.

"ಮೊದಲೆಲ್ಲ ಕೀಳ್ತಿದ್ದೆ ಅಣ್ಣ," ಅಂದಳು. "ಈ ಪ್ರೊಟೆಕ್ಟರ್ ನೀನು ಹಾಕಿಕೊಟ್ಟೆಯಲ್ಲ, ಅದಕ್ಕೇ ಕೀಳೋದು ಬಿಟ್ಟೆ."