ಎರಡು ರಾಟೆಗಳ ಅಂಗಳ

ಶಿಕಾರಿಪುರದ ನಮ್ಮ ಬೀದಿಯಲ್ಲಿ ಕಾರಿದ್ದ ಮನೆ ಒಂದೇ. ಅದರ ಒಡೆಯ ಪರಮಶಿವಪ್ಪ ಸಾಹುಕಾರನಲ್ಲ, ಡ್ರೈವರು. ಇಪ್ಪತ್ತು ವರ್ಷ ಅಕ್ಕಿ ಗಿರಣಿಯ ಧಣಿಯ ಆಸ್ಟಿನ್ ಕಾರು ಓಡಿಸಿದ. ಧಣಿ ಹೊಸದನ್ನು ತಂದಾಗ ಹಳೆಯದನ್ನು ಇವನ ಕೈಗೇ ಕೊಟ್ಟರು. ಅದನ್ನು ಬಾಡಿಗೆಗೆ ಬಿಟ್ಟು, ಮದುಮಕ್ಕಳನ್ನೂ ದಿನ ತುಂಬಿದ ಬಸುರಿಯರನ್ನೂ ಸಾಗಿಸಿ ಹೊಟ್ಟೆ ಹೊರೆದ.

ಹೆಂಡತಿ ನೀಲಾಂಬಿಕ ತೊಗರ್ಸಿಯವಳು. ಮುಂದಿನ ಸೀಟಿನ ಸ್ಪ್ರಿಂಗು ಚುಚ್ಚುತ್ತದೆಂದು ತನ್ನ ಹಳೇ ಸೀರೆಯನ್ನೇ ಹರಿದು ಒಂದು ದಿಂಬು ಹೊಲಿದಿದ್ದಳು. ಅದರ ಮೇಲೆ ಕೂತು ತವರಿಗೆ ಹೋಗಿ ಬಂದದ್ದು ಒಂದೇ ಸಲ. ಐವತ್ತಾರನೆಯ ಇಸವಿಯ ಚಳಿಗಾಲದಲ್ಲಿ ಜ್ವರ ಬಂದು ತೀರಿಕೊಂಡಳು. ಆಮೇಲೆ ಆ ಸೀಟಿನಲ್ಲಿ ಪರಮಶಿವಪ್ಪ ಯಾರನ್ನೂ ಕೂರಿಸಲಿಲ್ಲ. ಹಿಂದೆ ಆರು ಜನ ಒಬ್ಬರ ತೊಡೆಯ ಮೇಲೊಬ್ಬರು ಕೂತು ಬೆವರುತ್ತಿದ್ದರೂ ಮುಂದೆ ದಿಂಬೊಂದೇ ಆರಾಮಾಗಿ ಸವಾರಿ ಮಾಡುತ್ತಿತ್ತು. ಬೀದಿಯವರು ಅದಕ್ಕೆ ಯಜಮಾನತಿ ಎಂದೇ ಹೆಸರಿಟ್ಟಿದ್ದರು.

ಮಕ್ಕಳಿಲ್ಲದ ಮನೆ. ಆದರೂ ಪೂರಾ ಮೌನ ಕವಿದಿರಲಿಲ್ಲ, ಅಂಗಳದಲ್ಲಿ ಸಿಹಿನೀರಿನ ಬಾವಿ ಇತ್ತು. ಬೀದಿಯ ಕೊನೆಯ ಬಾವಿಯದು ಸವಳು, ಅದರಲ್ಲಿ ಬೇಳೆ ಬೇಯದು. ಹಾಗಾಗಿ ಹನ್ನೊಂದು ಮನೆಯ ಹೆಂಗಸರು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಇವನ ಅಂಗಳಕ್ಕೆ ಬರುತ್ತಿದ್ದರು. ರಾಟೆ ಕಿರುಗುಟ್ಟುವುದು, ಕೊಡ ಕೊಡಕ್ಕೆ ತಾಗುವುದು, ಅತ್ತೆಯರ ಮೇಲಿನ ದೂರು. ಪರಮಶಿವಪ್ಪ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಒಳಗೆ ರೊಟ್ಟಿ ತಟ್ಟುತ್ತ ಕೇಳಿಸಿಕೊಳ್ಳುತ್ತಿದ್ದ. ಅಷ್ಟು ಸಾಕಿತ್ತು ಅವನಿಗೆ.

ಒಂದು ದಿನ ಕಾರಿನ ಕೆಳಗೆ ಅಂಗಾತ ಮಲಗಿ ನಟ್ಟು ಬಿಗಿಯುವಾಗ ಸೊಂಟ ಹಿಡಿದುಕೊಂಡಿತು. ಅಲ್ಲಾಡಲು ಆಗಲಿಲ್ಲ. ಹೆಂಗಸರು ಬೆಳಗಿನ ನೀರು ಸೇದಿಕೊಂಡು ಹೋಗಿಯಾಗಿತ್ತು. ಕೂಗಿದರೆ ಕೇಳುವವರಿಲ್ಲ. ಎಣ್ಣೆ ತೊಟ್ಟಿಕ್ಕುವುದನ್ನು ನೋಡುತ್ತ ಸಂಜೆಯವರೆಗೆ ಬಿದ್ದಿದ್ದ. ಕೊಡ ಹೊತ್ತು ಮೊದಲು ಬಂದವರು ಎದುರುಮನೆಯ ಹಾಲಮ್ಮ, ಬೀದಿಗೇ ಹಿರಿಯರು. ನರಳುವುದು ಕೇಳಿ ನಾಲ್ಕು ಜನರನ್ನು ಕರೆದು ಎಳೆಸಿದರು. ಆ ನಾಲ್ವರಲ್ಲಿ ನಾನೂ ಒಬ್ಬ.

ಇನ್ನು ಮಲಗಿ ಕೆಲಸ ಮಾಡುವ ಹಾಗಿಲ್ಲ, ಕಾರಿನ ಅಡಿಗೆ ನಿಂತೋ ಕೂತೋ ಕೈಹಾಕಬೇಕು. ಶಿವಮೊಗ್ಗದ ಕಾರ್ಖಾನೆಗಳಲ್ಲಿ ಗುಂಡಿ ತೋಡಿ, ಅದರ ಮೇಲೆ ಕಾರು ನಿಲ್ಲಿಸಿ, ಒಳಗಿಳಿದು ರಿಪೇರಿ ಮಾಡುವುದನ್ನು ನೋಡಿದ್ದ. ಹಾರೆ ಹಿಡಿದು ಅಂಗಳದಲ್ಲಿ ತಾನೇ ಅಗೆದ. ಎದೆಮಟ್ಟ ಆಳ. ಸೊಂಟದ ನೋವಿಗೆ ಇಳಿಯಲು ಅನುಕೂಲವಾಗಲೆಂದು ಮೂರು ಮೆಟ್ಟಿಲು ಕಡಿದ. ದೀಪ, ಸ್ಪ್ಯಾನರು ಇಟ್ಟುಕೊಳ್ಳಲು ಗೋಡೆಯಲ್ಲಿ ಒಂದು ಗೂಡು ಕೊರೆದ. ನುಣ್ಣಗೆ ಕೆತ್ತಿದ್ದ, ನೋಡಿದರೆ ಕಣ್ಣು ತಣಿಯುವಂತಿತ್ತು.

ಮಾರನೆಯ ಬೆಳಿಗ್ಗೆ ಹಾಲು ಮಾರುವ ಹುಲಿಯಮ್ಮ ಒಳಗೆ ಬಂದವಳು ಗುಂಡಿ ಕಂಡು ಬಾಯಿಗೆ ಸೆರಗು ಒತ್ತಿ ಹಿಂದೆ ಸರಿದಳು. ಅಂದು ಸಂಜೆ ಮೂರು ಕೊಡ ಬಂದವು. ಅದರ ಮರುದಿನ ಒಂದೂ ಇಲ್ಲ.

ಮೂರು ದಿನ ಅವನಿಗೆ ಏನೂ ತಿಳಿಯಲಿಲ್ಲ. ನಾಲ್ಕನೆಯ ದಿನ ಬೇಲಿಯ ಆಚೆಯಿಂದಲೇ ಹಾಲು ಅಳೆಯುತ್ತಿದ್ದ ಹುಲಿಯಮ್ಮನನ್ನು ತಡೆದು ಕೇಳಿದ.

“ಅಲ್ರೀ, ಮೆಟ್ಟಿಲು ಕಡ್ದು ಗೂಡು ಕೊರ್ದು ಅಂಗಳದಾಗೆ ಕುಣಿ ತೋಡಿ ಕುಂತೀರಿ. ಅದರ ಮಗ್ಗುಲ ನೀರು ಯಾರು ಕುಡೀತಾರೆ?” ಅಂದಳು.

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಮೆಟ್ಟಿಲಿಟ್ಟು ಕುಣಿ ತೋಡಿ, ಪಕ್ಕಕ್ಕೆ ಗೂಡು ಕೊರೆದು, ಅದರಲ್ಲಿ ಕುಳ್ಳಿರಿಸಿ ಮಣ್ಣು ಕೊಡುತ್ತೇವೆ. ಎರಡು ವರ್ಷದ ಹಿಂದೆ ಹೊಲದ ಬದುವಿನಲ್ಲಿ ನೀಲಾಂಬಿಕಳ ಕುಣಿಗೆ ಅಳತೆ ಹೇಳಿ ನಿಂತವನು ಅವನೇ. ಈ ಸಲ ತೋಡುವಾಗ ಯಾವ ಅಳತೆಯನ್ನೂ ನೆನೆಯಲಿಲ್ಲವಂತೆ. ಕೈ ತಾನೇ ಅಳೆದುಕೊಂಡು ಹೋಗಿತ್ತು.

ಅಂದೇ ಮಣ್ಣೆಳೆದು ಗುಂಡಿ ಮುಚ್ಚಿದ. ಉಬ್ಬಿದ ಮಣ್ಣು ಸಮವಾಗಲೆಂದು ಮೇಲೆ ಕಾರು ಹತ್ತಿಸಿ ನಾಲ್ಕು ಸಲ ಹಿಂದೆ ಮುಂದೆ ಓಡಾಡಿಸಿದ. ಬೀದಿಯ ಹೆಂಗಸರು ಕಿಟಕಿಯಿಂದ ಅದನ್ನೂ ನೋಡಿದರು.

ನೆಲ ಅಗೆಯುವಂತಿಲ್ಲ ಎಂದ ಮೇಲೆ ಕಾರನ್ನೇ ಮೇಲೆತ್ತಬೇಕು. ಅವನ ಹತ್ತಿರವಿದ್ದ ಜಾಕು ಒಂದು ಮೊಳಕ್ಕಿಂತ ಮೇಲೆ ಎತ್ತದು. ಕಲ್ಲಿನ ಇಳಿಜಾರು ಕಟ್ಟಿ ಹತ್ತಿಸೋಣವೆಂದರೆ ಅಂಗಳದ ಉದ್ದ ಸಾಲದು, ಬ್ರೇಕು ಜಾರಿದರೆ ಕಾರು ನೆಟ್ಟಗೆ ಬಾವಿಗೆ. ಉಳಿದದ್ದು ದಿಮ್ಮಿ ಎತ್ತುವ ಸರಪಳಿ ರಾಟೆ. ಸೊರಬದ ಮರದ ಅಡ್ಡೆಯಲ್ಲಿ ಜಟ್ಟಪ್ಪ ಎಂಬುವನು ಲಾರಿಗೆ ದಿಮ್ಮಿ ಏರಿಸುತ್ತಿದ್ದ. ಅವನ ಬಳಿ ಹಳೆಯದೊಂದು ಇತ್ತು. ಪರಮಶಿವಪ್ಪ ಹೋಗಿ ಸರಪಳಿಯ ಒಂದೊಂದು ಕೊಂಡಿಯನ್ನೂ ಬೆರಳಲ್ಲಿ ತಡವಿ ನೋಡಿದ. ಮೊದಲು ದಿಮ್ಮಿ ಎತ್ತಿಸಿದ, ಇಳಿಸಿದ, ಅರ್ಧಕ್ಕೆ ಬಿಟ್ಟು ಜಾರುತ್ತದೆಯೇ ಎಂದು ಒಂದು ಎಲೆಅಡಿಕೆ ಮುಗಿಯುವವರೆಗೆ ಕಾದ.

ಜಟ್ಟಪ್ಪನಿಗೆ ನಗು ಬಂತು. “ಹೆಣ್ಣು ನೋಡಾಕೆ ಬಂದೋರೂ ಇಷ್ಟು ಹೊತ್ತು ನೋಡದಿಲ್ಲ, ಡ್ರೈವರ್ರೇ. ಎರಡು ಟನ್ ಎತ್ತತೈತಿ. ನಿಮ್ಮ ಕಾರು ಇದಕ್ಕೆ ಯಾವ ಲೆಕ್ಕ?” ಆಮೇಲೆ ನಗು ಬಿಟ್ಟು ಒಂದು ಮಾತು ಹೇಳಿದ. “ಸರಪಳಿ ನಂಬಿ ಅಡೀಗೆ ಹೋಗಬ್ಯಾಡ್ರಿ. ಎತ್ತಿದ ಮ್ಯಾಲೆ ಮರ ಕೊಡ್ರಿ. ಒಬ್ಬರೇ ಇರೋರು ನೀವು.”

ಮುಚ್ಚಿದ ಗುಂಡಿಯ ಮಣ್ಣು ಸಡಿಲ, ಅಲ್ಲಿ ಕಂಬ ನಿಲ್ಲದು. ಬಾವಿಯ ಕಡೆಯ ಗಟ್ಟಿ ನೆಲದಲ್ಲಿ ಎರಡು ಮತ್ತಿಮರದ ಕಂಬ ಹೂಳಿ, ಬುಡಕ್ಕೆ ಕಲ್ಲು ಗಾರೆ ತುಂಬಿ, ಹದಿನೈದು ದಿನ ನೀರುಣಿಸಿದ. ಮೇಲೆ ತೊಲೆ ಏರಿಸಲು ನಾವು ಗಂಡಸರು ಹೆಗಲು ಕೊಟ್ಟೆವು. ಜಟ್ಟಪ್ಪನಿಂದ ಕೊಂಡು ತಂದ ರಾಟೆಯನ್ನು ತೊಲೆಗೆ ತೂಗುಹಾಕಿ, ಹಿಂದಿನ ಗಾಲಿಗೆ ಕಲ್ಲು ಒತ್ತಿಟ್ಟು, ಮುಂದಿನ ಅಚ್ಚಿಗೆ ಕೊಕ್ಕೆ ಸಿಕ್ಕಿಸಿ ಸರಪಳಿ ಎಳೆದ. ಕಾರು ತಂಬಿಗೆಯಿಂದ ನೀರು ಕುಡಿಯುವವನ ಹಾಗೆ ಮೆಲ್ಲಗೆ ಮೂತಿ ಎತ್ತಿತು. ಎರಡೂ ಕಡೆ ದಪ್ಪ ಮರದ ಸ್ಟ್ಯಾಂಡು ಕೊಟ್ಟು, ಕಾರಿನಡಿಯಲ್ಲಿ ಮಣೆ ಹಾಕಿ ಕೂತ. ಸೊಂಟಕ್ಕೆ ಒಂದಿಷ್ಟೂ ನೋವಿಲ್ಲ. ಅಂಥ ಏರ್ಪಾಟು ನಮ್ಮ ತಾಲ್ಲೂಕಿನಲ್ಲಿ ನಾನು ಬೇರೆಲ್ಲೂ ಕಂಡಿರಲಿಲ್ಲ.

ಗಂಡಸರೆಲ್ಲ ನೋಡಿ ತಲೆದೂಗಿ ಹೋದರು. ಬಾವಿಗೆ ಮಾತ್ರ ಯಾರೂ ಬರಲಿಲ್ಲ. ಒಂದು ತಿಂಗಳು ಕಳೆಯಿತು. ಅವನೊಬ್ಬನೇ ದಿನಕ್ಕೊಂದು ಕೊಡ ಸೇದಿದರೆ ಹಗ್ಗ ನೆನೆದೀತೆ, ಒಣಗಿ ಸೆಟೆದು ನಿಂತಿತು. ಸವಳು ನೀರಲ್ಲಿ ಬೇಳೆ ಬೇಯಿಸಿಕೊಂಡರೇ ಹೊರತು ಅವನ ಅಂಗಳ ತುಳಿಯಲಿಲ್ಲ. ಪರಮಶಿವಪ್ಪ ಬಾಡಿಗೆ ಇಲ್ಲದ ದಿನ ಜಗಲಿಯ ಮೇಲೆ ಬಾಗಿಲು ನೋಡುತ್ತ ಕೂರುತ್ತಿದ್ದ. ರೊಟ್ಟಿ ತಟ್ಟುವುದು ಬಿಟ್ಟು ಅವಲಕ್ಕಿಗೆ ಇಳಿದಿದ್ದ. ಒಂದು ಸಂಜೆ ತಡೆಯಲಾರದೆ ಬೀದಿ ದಾಟಿ ಹಾಲಮ್ಮನವರ ಕಟ್ಟೆಯ ಕೆಳಗೆ ನಿಂತ.

“ಮುಚ್ಚಿದೆನಲ್ಲ ಅಕ್ಕಾ. ಇನ್ನೇನು ಮಾಡಲಿ?”

ಹಾಲಮ್ಮ ಅಕ್ಕಿ ಆರಿಸುತ್ತಿದ್ದರು, ಕೈ ನಿಲ್ಲಿಸಲಿಲ್ಲ. “ತೋಡಿದ್ದಕ್ಕಲ್ಲಪ್ಪ ಅವರ ಅಂಜಿಕೆ. ಬರಿದು ಮುಚ್ಚಿದಿ. ಬರಿದು ಮುಚ್ಚಿದ ಕುಣಿ ಯಾರನ್ನೋ ಕಾಯ್ತದ ಅಂತಾರೆ. ಏನಾದ್ರೂ ಕೊಟ್ಟು ಮುಚ್ಚು.”

“ಹಳೇ ಟೈರು ಒಂದೈತಿ.”

“ಟೈರಿಗೆ ಯಾರು ಅಳ್ತಾರೆ, ಪರಮಶಿವಾ?”

ಅವನು ಬೀದಿ ದಾಟಿ ಮನೆಗೆ ಹೋದ.

ಸೋಮವಾರ ಬೆಳಿಗ್ಗೆ ಹಾರೆಯ ಸದ್ದು ಕೇಳಿ ನಾನು ಹೊರಗೆ ಬಂದೆ. ಹಾಲಮ್ಮ ಮೊದಲೇ ಬಂದು ವಿಭೂತಿಗಟ್ಟಿ ಹಿಡಿದು ನಿಂತಿದ್ದರು. ಗೂಡಿದ್ದ ಜಾಗವನ್ನಷ್ಟೇ ಅಗೆದು, ಪರಮಶಿವಪ್ಪ ಕಾರಿನ ಬಾಗಿಲು ತೆರೆದ. ದಿಂಬನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದ. ನಡುವೆ ಒಂದು ಹಳ್ಳವಿತ್ತು, ಒಂದೇ ಸಲ ಕೂತರೂ ಬಿದ್ದ ಹಳ್ಳ. ಕೈಯಿಂದ ಸವರಿ ಅದನ್ನು ಅಳಿಸಲಿಲ್ಲ. ಹಾಗೇ ಇಳಿಸಿದ. ಮೂರು ಹಿಡಿ ಮಣ್ಣು ಅವನು ಹಾಕಿದ, ಮೂರು ಹಿಡಿ ಹಾಲಮ್ಮ ಹಾಕಿದರು. ಹೊಲದ ಬದುವಿನಲ್ಲಿ ಅಳದವನು ಅಂದು ಮತ್ತಿಮರದ ಕಂಬಕ್ಕೆ ಒರಗಿ ಅತ್ತ.

ಹಾಲಮ್ಮ ಬಾವಿಗೆ ಹೋಗಿ, ಸೆಟೆದ ಹಗ್ಗವನ್ನು ನೆನೆಸಿ ಮೆತ್ತಗೆ ಮಾಡಿ, ಒಂದು ಕೊಡ ಸೇದಿ ಹೊತ್ತುಕೊಂಡು ಹೋದರು.

ಹನ್ನೊಂದು ಮನೆಯೂ ತಿರುಗಿ ಬಂತು ಎಂದು ಬರೆದರೆ ಸುಳ್ಳಾದೀತು. ಬಂದದ್ದು ನಾಲ್ಕು. ಕಾರಿನ ಮುಂದಿನ ಸೀಟಿನಲ್ಲಿ ಆಮೇಲೆ ಯಾರು ಯಾರೋ ಕೂತರು, ಸ್ಪ್ರಿಂಗು ಚುಚ್ಚುತ್ತದೆಂದು ಬೈದರು. ಅವನು ಬೇರೆ ದಿಂಬು ಹಾಕಲಿಲ್ಲ.

ಪರಮಶಿವಪ್ಪ ಕಾರು ಎತ್ತುವಾಗ ನಾನು ಎಷ್ಟೋ ಸಲ ನೋಡುತ್ತ ಕೂತದ್ದುಂಟು. ಕರಕರ ಸರಪಳಿ ಎಳೆಯುತ್ತಿದ್ದವನು ಬಾವಿಯ ರಾಟೆ ಕಿರುಗುಟ್ಟಿದೊಡನೆ ಕೈ ನಿಲ್ಲಿಸುತ್ತಿದ್ದ. ಕಾರು ಅರ್ಧಕ್ಕೆ ಮೂತಿ ಎತ್ತಿಕೊಂಡು ತೂಗುತ್ತಿತ್ತು. ಕೊಡ ತುಂಬಿ, ಹೆಜ್ಜೆಯ ಸಪ್ಪಳ ಬಾಗಿಲು ದಾಟಿ ಹೋಗುವವರೆಗೂ ಅವನು ಸರಪಳಿ ಹಿಡಿದು ಹಾಗೇ ನಿಂತಿರುತ್ತಿದ್ದ.