ಹೋಯಿತು ಅಂದರೆ ಸಾಲದು, ತಲುಪಬೇಕು

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎರಡು ಕೋಣೆಗಳಿಗೆ ಮಾತ್ರ ಎಚ್ಚರ. ಒಂದು ಬಟ್ಟೆ ಒಗೆಯುವ ಕೋಣೆ. ಬಾಗಿಲಿನಿಂದ ಬಿಸಿ ಹಬೆಯೂ ಸೋಪಿನ ವಾಸನೆಯೂ ಒಟ್ಟಿಗೇ ಹೊರಬರುತ್ತಿವೆ. ಅದರ ಪಕ್ಕದ್ದು ಸರ್ವರ್ ಕೋಣೆ. ಒಳಗೆ ಹಲ್ಲು ಕಟಕಟ ಅನ್ನುವಷ್ಟು ಚಳಿ. ಐವತ್ತೇಳು ವರ್ಷದ ಹೆಂಗಸೊಬ್ಬರು ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರ್ ಏರಿಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಕಪ್ಪು ಪರದೆಯ ಮುಂದೆ ಕೂತು ಎರಡೇ ಎರಡು ಪದದ ಪತ್ರ ಟೈಪ್ ಮಾಡುತ್ತಾರೆ: ‘ಪರೀಕ್ಷೆ. ತಲುಪಿತಾ?’

ಪತ್ರ ಹದಿನಾಲ್ಕು ವಾರ್ಡುಗಳಿಗೆ ಹೋಗುತ್ತದೆ. ಹೋಯಿತು ಎಂದು ಪರದೆ ಹದಿನಾಲ್ಕು ಸಲ ಹೇಳುತ್ತದೆ. ಗೋಡೆಗೆ ನೇತುಹಾಕಿದ ದೊಡ್ಡ ಪರದೆಯಲ್ಲಿ ಎಲ್ಲ ದೀಪಗಳೂ ಹಸಿರು. ಇವರ ಬಗ್ಗೆ ಬರೆಯಲು ಬಂದ ನನ್ನಂಥವನಾಗಿದ್ದರೆ ಅಲ್ಲಿಗೆ ಕೈ ತೊಳೆದುಕೊಂಡು ಟೀ ಕುಡಿಯಲು ಹೋಗುತ್ತಿದ್ದೆ. ಇವರು ಹೋಗುವುದಿಲ್ಲ. ಹದಿನಾಲ್ಕು ವಾರ್ಡುಗಳ ಹೆಸರಿರುವ ಒಂದು ಹಾಳೆಯನ್ನು ರಟ್ಟಿಗೆ ಸಿಕ್ಕಿಸಿ, ಪಕ್ಕದ ಕೋಣೆಯ ಬಾಗಿಲಿಗೆ ಹೋಗಿ, ಬಟ್ಟೆ ಒಗೆಯುವವರ ಕೈಗೆ ಕೊಡುತ್ತಾರೆ.

“ಅಣ್ಣ, ಮೂರನೇ ಮಹಡೀಲಿ ಸ್ವಲ್ಪ ನಿಂತು ಕೇಳಿ. ಅಲ್ಲಿನ ಸಿಸ್ಟರ್ ನೋಡದೇನೇ ತಲೆ ಆಡಿಸ್ತಾರೆ.”

“ಕಣ್ಣಾರೆ ನೋಡ್ಕೊಂಡೇ ಬರ್ತೀನಿ ಬಿಡಕ್ಕಾ” ಎನ್ನುತ್ತಾ ಅವರು ಒಗೆದ ಹೊದಿಕೆಗಳ ಗಾಡಿ ತಳ್ಳಿಕೊಂಡು ಲಿಫ್ಟಿನತ್ತ ಹೊರಡುತ್ತಾರೆ. ಇವರು ಅವರನ್ನು ಅಣ್ಣ ಅನ್ನುತ್ತಾರೆ, ಅವರು ಇವರನ್ನು ಅಕ್ಕ ಅನ್ನುತ್ತಾರೆ. ಇಬ್ಬರಲ್ಲಿ ಯಾರು ದೊಡ್ಡವರು ಎಂದು ಕೇಳಿದರೆ ಇಬ್ಬರೂ ಮಾತು ಬದಲಾಯಿಸುತ್ತಾರೆ.

ಇಡೀ ಆಸ್ಪತ್ರೆಗೆ ಇವರು ‘ಅಂಚೆ ಅಕ್ಕ’. ದೊಡ್ಡ ಡಾಕ್ಟರೂ ಹಾಗೇ ಕರೆಯುತ್ತಾರೆ. ಆದರೆ ಅಂಚೆ ಅಕ್ಕನ ಕೆಲಸ ಏನು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ “ಕಂಪ್ಯೂಟರ್ ನೋಡ್ಕೋತಾರೆ” ಅನ್ನುತ್ತಾರೆ. ಹತ್ತನೆಯವರು ಅವರ ಅತ್ತೆ. ಎಂಬತ್ತೊಂದು ವರ್ಷದ ಆಕೆ ನನಗೆ ಹೇಳಿದ್ದು ಹೀಗೆ: “ನನ್ನ ಮಗ ಏಳೋಕೆ ಮುಂಚೆ ಇವಳು ಆ ಮೆಷಿನ್ನುಗಳನ್ನ ಎಬ್ಬಿಸಿರ್ತಾಳೆ. ಅವಾದರೂ ಒಂದು ಮಾತಿಗೆ ಏಳ್ತಾವೆ.”

ಕೆಲಸ ಇಷ್ಟು. ದಿನಕ್ಕೆ ಸರಾಸರಿ ಆರುನೂರ ನಲವತ್ತು ರಕ್ತಪರೀಕ್ಷೆಯ ವರದಿಗಳು ಪ್ರಯೋಗಾಲಯದಿಂದ ಹೊರಡುತ್ತವೆ. ಅವು ಇ-ಮೇಲ್ ಪತ್ರಗಳಾಗಿ, ಯುನಿಕ್ಸ್ ಎಂಬ ವ್ಯವಸ್ಥೆಯಲ್ಲಿ ಓಡುವ ಒಂದು ಮೆಷಿನ್ನಿಗೆ ಬರುತ್ತವೆ. ಈ ಮೆಷಿನ್ನಿಗೆ ರಿಲೇ ಎಂದು ಹೆಸರು. ಒಬ್ಬರಿಂದ ತೆಗೆದುಕೊಂಡು ಇನ್ನೊಬ್ಬರಿಗೆ ದಾಟಿಸುವುದಷ್ಟೇ ಅದರ ಉದ್ಯೋಗ. ರಿಲೇ ಆ ಪತ್ರಗಳನ್ನು ಆಯಾ ವಾರ್ಡಿನ ಫೋಲ್ಡರಿಗೆ ಹಾಕುತ್ತದೆ. ಫೋಲ್ಡರುಗಳು ಇರುವುದು ರಿಲೇಯ ಹೊಟ್ಟೆಯಲ್ಲಲ್ಲ, ಬೇರೆ ಡಿಸ್ಕ್ ಮೆಷಿನ್ನುಗಳಲ್ಲಿ. ರಿಲೇಯೂ ವಾರ್ಡಿನ ಕಂಪ್ಯೂಟರೂ ಅವನ್ನು ಹಂಚಿಕೊಂಡು ಬಳಸುತ್ತವೆ. ಮೆಷಿನ್ನುಗಳು ಚಾಲೂ ಆದಾಗಲೆಲ್ಲ ಈ ಫೋಲ್ಡರುಗಳು ಹೊಸದಾಗಿ ರಿಲೇಗೆ ಬಂದು ಕೂಡಿಕೊಳ್ಳಬೇಕು. ಎಲ್ಲವೂ ಸರಿಯಿದ್ದರೆ ಯಾರಿಗೂ ಇದು ಗೊತ್ತಾಗುವುದಿಲ್ಲ. ಕೆಟ್ಟರೆ ಮಾತ್ರ ಫೋನು ಒಂದೇ ಸಮ ಬಡಿದುಕೊಳ್ಳುತ್ತದೆ.

“ಫೋನ್ ಬಂದ್ರೆ ಅದು ಸಣ್ಣ ತೊಂದ್ರೆ” ಎನ್ನುತ್ತಾರೆ ಅಂಚೆ ಅಕ್ಕ. “ಫೋನೇ ಬರ್ದೆ ಕೆಟ್ಟಿರುತ್ತಲ್ಲ, ಅದಕ್ಕೆ ನಾನು ಹೆದರ್ತೀನಿ.”

ಮೂವತ್ತೊಂದು ವರ್ಷದ ಹಿಂದೆ ಇದೇ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಕಾಗದದ ಕಡತ ಹೊರುವ ಕೆಲಸಕ್ಕೆ ಸೇರಿದವರು ಇವರು. ಒಂಬತ್ತು ವರ್ಷ ಕಡತ ಹೊತ್ತ ಮೇಲೆ ಮೊದಲ ಮೆಷಿನ್ ಬಂತು. ಅದನ್ನು ಕೂಡಿಸಲು ಬಂದ ಎಂಜಿನಿಯರ್ ಎರಡು ದಿನ ಇದ್ದು, ಇಟ್ಟಿಗೆಯಷ್ಟು ದಪ್ಪದ ಪುಸ್ತಕವೊಂದನ್ನು ಮೇಜಿನ ಮೇಲೆ ಬಿಟ್ಟು ಹೋದವನು ಮತ್ತೆ ತಲೆ ಹಾಕಲಿಲ್ಲ. ಯಾರೂ ಮುಟ್ಟದ ಆ ಪುಸ್ತಕವನ್ನು ಇವರು ಮನೆಗೆ ಒಯ್ದರು. ಗಂಡ ದರ್ಜಿ. ಮನೆಯ ಮುಂದಿನ ಕೋಣೆಯಲ್ಲಿ ಅವರ ಹೊಲಿಗೆ ಮೆಷಿನ್ ಓಡುತ್ತಿದ್ದರೆ, ಕತ್ತರಿಸುವ ಮೇಜಿನ ಇನ್ನೊಂದು ತುದಿಯಲ್ಲಿ ಇವರು ದಿನಕ್ಕೆ ಎರಡು ಪುಟ ಓದುತ್ತಿದ್ದರು. ತಲೆಬುಡ ಅರ್ಥವಾಗದ ಪುಟದ ಮೇಲೆ ಬಟ್ಟೆಗೆ ಹಾಕುವ ಸೀಮೆಸುಣ್ಣದಿಂದ ಗುರುತು ಹಾಕಿ ಮರುದಿನ ಮತ್ತೆ ಅದೇ ಪುಟಕ್ಕೆ ಬರುತ್ತಿದ್ದರು. ಪುಸ್ತಕ ಮುಗಿಯಲು ಒಂದು ವರ್ಷ ಏಳು ತಿಂಗಳು ಹಿಡಿಯಿತು. ಇವರ ಹಟ ಎಂಥದೆಂದು ತಿಳಿಯಲು ನನಗೆ ಈ ಲೆಕ್ಕವೊಂದೇ ಸಾಕಾಯಿತು.

ಬೆಳಗಿನ ಈ ಹಾಳೆಯ ಪದ್ಧತಿ ಮಾತ್ರ ಪುಸ್ತಕದಿಂದ ಬಂದದ್ದಲ್ಲ. ಅದು ಬಂದದ್ದು ಒಂದು ತಪ್ಪಿನಿಂದ. ಅದನ್ನು ಹೇಳುವಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾರೆ.

ಹತ್ತು ವರ್ಷದ ಹಿಂದಿನ ಒಂದು ಶನಿವಾರ. ವಿದ್ಯುತ್ ತಂತಿ ದುರಸ್ತಿಯಾದ ಮೇಲೆ ಎಲ್ಲ ಮೆಷಿನ್ನುಗಳನ್ನೂ ಒಟ್ಟಿಗೇ ಚಾಲೂ ಮಾಡಿದರು. ರಿಲೇ ಬೇಗ ಎದ್ದಿತು. ಡಿಸ್ಕ್ ಮೆಷಿನ್ ಏಳಲು ತಡವಾಯಿತು. ಒಂದು ವಾರ್ಡಿನ ಫೋಲ್ಡರ್ ಇನ್ನೂ ಬಂದು ಕೂಡಿಕೊಂಡಿರಲಿಲ್ಲ; ರಿಲೇಯಲ್ಲಿ ಅದು ಬಂದು ಕೂಡಬೇಕಾದ ಜಾಗದಲ್ಲಿ ಅದೇ ಹೆಸರಿನ ಖಾಲಿ ಫೋಲ್ಡರ್ ಮಾತ್ರ ಇತ್ತು. ರಿಲೇ ಪಾಪ, ಹೆಸರು ನೋಡಿ ಅದರಲ್ಲೇ ವರದಿಗಳನ್ನು ಹಾಕುತ್ತಾ ಹೋಯಿತು. ನಲವತ್ತು ನಿಮಿಷದ ನಂತರ ಇವರು ಗಮನಿಸಿ ನಿಜವಾದ ಫೋಲ್ಡರನ್ನು ತಂದು ಅಲ್ಲಿ ಕೂಡಿಸಿದರು. ಎಲ್ಲ ಸರಿಹೋಯಿತು ಎಂದು ಮನೆಗೆ ಹೋದರು.

“ನಮ್ಮ ಯಜಮಾನ್ರು ಇದನ್ನ ನನಗಿಂತ ಚೆನ್ನಾಗಿ ಹೇಳ್ತಾರೆ. ಮಂಚದ ಮೇಲೆ ಏನೋ ಸಾಮಾನು ಇಟ್ಟಿದ್ದೀರಿ. ನೋಡದೇನೇ ಮೇಲೊಂದು ಹಾಸಿಗೆ ಹಾಸಿಬಿಟ್ರಿ. ಸಾಮಾನು ಎಲ್ಲೂ ಹೋಗಿಲ್ಲ, ಅಲ್ಲೇ ಇದೆ. ಆದ್ರೆ ಯಾರ ಕಣ್ಣಿಗೂ ಬೀಳಲ್ಲ. ಹಾಸಿದವಳು ನಾನೇ.”

ಹಾಸಿಗೆಯ ಅಡಿಯಲ್ಲಿ ಉಳಿದದ್ದು ಹದಿನೇಳು ವರದಿಗಳು. ಅದರಲ್ಲೊಂದು ಬಟ್ಟೆ ಒಗೆಯುವ ಅಣ್ಣನ ಹೆಂಡತಿಯದು. ವರದಿ ಬಂದಿಲ್ಲ ಅಂದರೆ ಗಾಬರಿ ಪಡುವಂಥದ್ದೇನಿಲ್ಲ ಎಂದುಕೊಂಡ ವಾರ್ಡಿನವರು ಆಕೆಯನ್ನು ಮನೆಗೆ ಕಳಿಸಿದರು. ಭಾನುವಾರ ಬೆಳಿಗ್ಗೆ ಆಕೆ ಒಲೆಯ ಮುಂದೆಯೇ ಕುಸಿದು ಬಿದ್ದರು. ಹನ್ನೊಂದು ದಿನ ತೀವ್ರ ನಿಗಾ ಘಟಕದಲ್ಲಿದ್ದು ಬದುಕಿ ಬಂದರು. ಸೋಮವಾರ ಹದಿನೇಳು ಪತ್ರಗಳನ್ನು ಹುಡುಕಿ ತೆಗೆದ ಅಂಚೆ ಅಕ್ಕ, ಯಾರೂ ಕೇಳದಿದ್ದರೂ ಪಕ್ಕದ ಕೋಣೆಗೆ ಹೋಗಿ ಹೇಳಿದರು: “ತಪ್ಪು ನಂದು.”

ಏಳು ತಿಂಗಳು ಅಣ್ಣ ಇವರ ಮುಖ ನೋಡಲಿಲ್ಲ. ಇವರು ಬೆಳಿಗ್ಗೆ ಐದಕ್ಕೇ ಬಂದು, ಪರೀಕ್ಷೆಯ ಪತ್ರ ಕಳಿಸಿ, ಹಾಳೆ ಹಿಡಿದು ಹದಿನಾಲ್ಕು ವಾರ್ಡು ಹತ್ತಿಳಿಯಲು ಶುರುಮಾಡಿದ್ದು ಆಗಲೇ. ಮೂರನೇ ಮಹಡಿಗೆ ಎಂಬತ್ತೆಂಟು ಮೆಟ್ಟಿಲು. ಲಿಫ್ಟ್ ರೋಗಿಗಳದ್ದು ಎಂದು ಇವರ ನಿಯಮ. ಒಂದು ದಿನ ಅಣ್ಣ ಬಾಗಿಲಲ್ಲಿ ನಿಂತು, ಬೇರೆ ಕಡೆ ನೋಡುತ್ತಾ ಕೇಳಿದರಂತೆ: “ಇವತ್ತು ಎಲ್ಲಾ ತಲುಪಿತಾ?” ಆಮೇಲೆ ಇವರ ಮೊಣಕಾಲು ಹಿಡಿದುಕೊಂಡ ವರ್ಷ ಅವರೇ ಹಾಳೆಯನ್ನು ಕಸಿದುಕೊಂಡರು. ಹೇಗಿದ್ದರೂ ಹೊದಿಕೆ ಕೊಡಲು ಎಲ್ಲ ವಾರ್ಡಿಗೂ ಹೋಗಬೇಕಲ್ಲ.

ಇನ್ನು ನಾಲ್ಕು ತಿಂಗಳಿಗೆ ಅಂಚೆ ಅಕ್ಕ ನಿವೃತ್ತರು. ಹಾಳೆಯೂ ಅವರ ಜೊತೆಗೇ ನಿವೃತ್ತಿಯಾಗುವ ಲಕ್ಷಣವಿದೆ. ವಿಭಾಗಕ್ಕೆ ಹೊಸದಾಗಿ ಬಂದ ಮುಖ್ಯಸ್ಥರು ಹಸಿರು ದೀಪದ ಪರದೆ ಹಾಕಿಸಿದ್ದಾರೆ, ಎರಡು ವಾರದ ಹಿಂದೆ ಹೊರಗಿನವರಿಂದ ಹೊಸ ರಿಲೇ ಮೆಷಿನ್ ಕೂಡಿಸಿದ್ದಾರೆ. ‘ವಾರ್ಡಿಗೆ ಹೋಗಿ ಪರಿಶೀಲಿಸುವ ಅಗತ್ಯವಿಲ್ಲ’ ಎಂಬ ಸುತ್ತೋಲೆಯೂ ಸಿದ್ಧ; ನಾನು ಹೋದ ದಿನ ಹತ್ತು ಗಂಟೆಯ ಸಭೆಯಲ್ಲಿ ಅದಕ್ಕೆ ಸಹಿ ಬೀಳಬೇಕಿತ್ತು. ಅದನ್ನು ನೆನೆದು ಇವರು ಮೂಗು ಮುರಿಯುತ್ತಾರೆ, ಅಷ್ಟೆ.

ಐದು ಮುಕ್ಕಾಲಿಗೆ ಗಾಡಿಯ ಚಕ್ರದ ಸದ್ದು. ಅಣ್ಣ ಖಾಲಿ ಗಾಡಿಯನ್ನು ಓಡಿಸಿಕೊಂಡೇ ಬಂದಿದ್ದಾರೆ.

“ಅಕ್ಕಾ, ಮೂರನೇ ಮಹಡಿಗೆ ಬಂದಿಲ್ಲ. ನಾನೇ ನಿಂತು ನೋಡ್ದೆ. ನಿನ್ನೆ ಸಾಯಂಕಾಲದ್ದೆಲ್ಲ ಇದೆ, ಇವತ್ತಿಂದು ಒಂದೂ ಇಲ್ಲ. ಏಳನೇ ಬೆಡ್‌ನವ್ರದು ರಕ್ತದ ವರದಿ ಬೇಕಂತೆ. ಏಳೂವರೆಗೆ ಆಪರೇಷನ್. ಲ್ಯಾಬ್‌ನವ್ರು ಕಳಿಸಿದೀವಿ ಅಂತಾರಂತೆ.”

ನಾನು ಗೋಡೆಯ ಪರದೆ ನೋಡುತ್ತೇನೆ. ಎಲ್ಲ ಹಸಿರು. ಅಂಚೆ ಅಕ್ಕ ಅದರತ್ತ ತಿರುಗಿಯೂ ನೋಡುವುದಿಲ್ಲ. ಮೊದಲು ಫೋನ್ ಎತ್ತಿ ಮೂರನೇ ಮಹಡಿಗೆ ಹೇಳುತ್ತಾರೆ: “ಸಿಸ್ಟರ್, ವರದಿ ಬಂದಿಲ್ಲ ಅಂದ್ರೆ ಚೆನ್ನಾಗಿದೆ ಅಂತ ಅರ್ಥ ಅಲ್ಲ. ನಾನು ತಂದು ತೋರ್ಸೋವರೆಗೂ ರೋಗೀನ ಕದಲಿಸಬೇಡಿ.” ಆಮೇಲೆ ಕೀಲಿಮಣೆಗೆ ಕೈ ಹಾಕುತ್ತಾರೆ.

ರಿಲೇಯ ದಿನಚರಿಯಲ್ಲಿ ಪ್ರತಿ ಪತ್ರದ ಮುಂದೆಯೂ ‘ಹಾಕಲಾಗಿದೆ’ ಎಂದೇ ಇದೆ. ಅದೇನು ಸುಳ್ಳಲ್ಲ. ಬೆಳಿಗ್ಗೆ ನಾಲ್ಕಕ್ಕೆ ರೆಪ್ಪೆ ಮಿಟುಕಿಸುವಷ್ಟು ಹೊತ್ತು ಕರೆಂಟ್ ಹೋಗಿದೆ. ಮೂರನೇ ಮಹಡಿಯ ಫೋಲ್ಡರ್ ಹಳೆಯ ಡಿಸ್ಕ್ ಮೆಷಿನ್ನಿನಲ್ಲಿದೆ. ಅದು ಏಳುವಷ್ಟರಲ್ಲಿ ರಿಲೇ ಕಾದು ಬೇಸತ್ತು ಸುಮ್ಮನಾಗಿದೆ. ಉಳಿದ ಹದಿಮೂರು ಕೂಡಿಕೊಂಡಿವೆ, ಇದೊಂದು ಕೂಡಿಲ್ಲ. ಪತ್ರಗಳು ಖಾಲಿ ಫೋಲ್ಡರಿನಲ್ಲಿ ಬಿದ್ದಿವೆ. ಹತ್ತು ವರ್ಷದ ಹಿಂದಿನ ಅದೇ ಮಂಚ.

“ಹಳೇ ರಿಲೇಲಿ ಬೀಗ ಹಾಕಿಟ್ಟಿದ್ದೆ, ಖಾಲಿ ಫೋಲ್ಡರಿಗೆ ಯಾರೂ ಬರೆಯೋಕೆ ಆಗದ ಹಾಗೆ. ಹೊಸದನ್ನ ಕೂಡಿಸಿದವ್ರು ಹಾಕಿಲ್ಲ.” ಆಮೇಲೆ ತಾವೇ ಸೇರಿಸುತ್ತಾರೆ: “ಹಾಕಿದ್ದಾರಾ ಅಂತ ನಾನೂ ನೋಡ್ಲಿಲ್ಲ. ಹೊಸ ಮೆಷಿನ್ ಮುಟ್ಟಬೇಡಿ ಅಂದ್ರು ಅಂತ ಬಿಗುಮಾನ ಮಾಡ್ಕೊಂಡು ಕೂತೆ.”

ಈಗ ಫೋಲ್ಡರನ್ನು ಕೂಡಿಸಲು ಒಂದು ಸಾಲು ಟೈಪ್ ಮಾಡಿದರೆ ಸಾಕು. ನಾನು ಅದನ್ನೇ ಹೇಳಿದೆ. ಅಂಚೆ ಅಕ್ಕ ನನ್ನ ಕಡೆ ನೋಡಿದ ನೋಟಕ್ಕೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

“ಅವತ್ತು ನಾನೂ ಅದನ್ನೇ ಮಾಡಿದ್ದು.”

ಅವರು ಮೊದಲು ರಿಲೇ ಪತ್ರ ಹಾಕುವುದನ್ನೇ ನಿಲ್ಲಿಸುತ್ತಾರೆ. ಹೊಸವು ಸಾಲಿನಲ್ಲಿ ಕಾಯಲಿ. ಖಾಲಿ ಫೋಲ್ಡರಿನಲ್ಲಿ ಇರುವುದನ್ನು ಎಣಿಸುತ್ತಾರೆ: ಆರು. ಆರನ್ನೂ ಬೇರೆ ಜಾಗಕ್ಕೆ ನಕಲು ಮಾಡುತ್ತಾರೆ. ಅಲ್ಲಿಯೂ ಎಣಿಸುತ್ತಾರೆ: ಆರು. ಆಮೇಲೆ ಅಡಿಯ ಫೋಲ್ಡರನ್ನು ಬರಿದು ಮಾಡಿ, ಅದಕ್ಕೆ ಬೀಗ ಹಾಕಿ, ನಿಜವಾದದ್ದನ್ನು ತಂದು ಕೂಡಿಸಿ, ಆರನ್ನೂ ಅದರೊಳಗೆ ಇಟ್ಟು ಮತ್ತೆ ಎಣಿಸುತ್ತಾರೆ. ಬೆರಳು ಒಂದು ಸಲವೂ ಅವಸರ ಮಾಡುವುದಿಲ್ಲ. ಬೆವರುತ್ತಿದ್ದವನು ನಾನು, ಅದೂ ಆ ಚಳಿಯಲ್ಲಿ. ಒಟ್ಟು ಹನ್ನೊಂದು ನಿಮಿಷ ಹಿಡಿಯಿತು. ಆರರಲ್ಲಿ ಒಂದು ಅವರದೇ ‘ತಲುಪಿತಾ?’. ಇನ್ನೊಂದು ಏಳನೇ ಬೆಡ್ಡಿನದು.

ಅಷ್ಟಾದ ಮೇಲೂ ಎದ್ದು ನಿಂತರು. ಮೊಣಕಾಲು ಹಿಡಿದುಕೊಂಡು, ಲಿಫ್ಟ್ ಬಿಟ್ಟು, ಎಂಬತ್ತೆಂಟು ಮೆಟ್ಟಿಲು ಹತ್ತಿದರು. ನಾನು ಏದುಸಿರು ಬಿಡುತ್ತಾ ಹಿಂದೆ. ಮೂರನೇ ಮಹಡಿಯ ಸಿಸ್ಟರ್ ಪರದೆ ತೆರೆದು ಓದಿದರು, ಓದುತ್ತಿದ್ದಂತೆ ಅವರ ಮುಖ ಬಿಗಿಯಾಯಿತು. ರೋಗಿಯ ರಕ್ತ ಹೆಪ್ಪುಗಟ್ಟಲು ತೆಗೆದುಕೊಳ್ಳುವ ಹೊತ್ತು ಬೇಕಾದ್ದಕ್ಕಿಂತ ಬಹಳ ಹೆಚ್ಚು. ಆ ಸ್ಥಿತಿಯಲ್ಲಿ ಕತ್ತರಿ ಹಾಕಿದ್ದರೆ ರಕ್ತ ನಿಲ್ಲುತ್ತಿರಲಿಲ್ಲ. ಡಾಕ್ಟರಿಗೆ ಫೋನ್ ಹೋಯಿತು. ಆಪರೇಷನ್ ಮುಂದಕ್ಕೆ ಹೋಯಿತು. ಏಳನೇ ಬೆಡ್ಡಿನ ರೋಗಿ ನಿದ್ದೆಯಲ್ಲಿದ್ದರು. ಪಕ್ಕದಲ್ಲಿ ಕೂತಿದ್ದ ತಂಗಿ “ಏನಾಯ್ತು?” ಎಂದು ಕೇಳಿದಳು. “ಏನಿಲ್ಲಮ್ಮ, ಪತ್ರ ಬಂತು” ಎಂದು ಅಂಚೆ ಅಕ್ಕ ಕೆಳಗಿಳಿದರು.

ಹತ್ತು ಗಂಟೆಯ ಸಭೆಗೆ ನನ್ನನ್ನು ಬಿಡಲಿಲ್ಲ. ಮುಖ್ಯಸ್ಥರು ಆಮೇಲೆ ನೆಲಮಾಳಿಗೆಗೆ ತಾವೇ ಬಂದರು. ಕೆಟ್ಟ ಮನುಷ್ಯರೇನಲ್ಲ.

“ಫೋಲ್ಡರ್ ಕೂಡಿದೆಯೋ ಇಲ್ವೋ ಅನ್ನೋದಕ್ಕೂ ಒಂದು ದೀಪ ಹಾಕಿಸ್ತೀನಿ, ಮೇಡಂ.”

“ಹಾಕ್ಸಿ ಸಾರ್, ತುಂಬಾ ಒಳ್ಳೇದು. ಹಾಕಿದ ಮೇಲೂ ಯಾರಾದ್ರೂ ಮೇಲೆ ಹೋಗಿ ಕೇಳ್ಲಿ. ದೀಪಕ್ಕೆ ಗೊತ್ತಿಲ್ಲದ್ದು ಇನ್ನೇನಿದೆ ಅಂತ ನನಗೂ ಗೊತ್ತಿಲ್ಲ.”

ಅವರು ಇನ್ನೂ ಸಹಿ ಬೀಳದ ಸುತ್ತೋಲೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಹೋದರು. ಹರಿದು ಹಾಕಿದರು ಎಂದು ಬರೆಯಲು ಕೈ ತುರಿಸುತ್ತಿದೆ, ಆದರೆ ಹರಿಯಲಿಲ್ಲ.

ಹೊರಡುವ ಮುಂಚೆ ಕೇಳಿದೆ, ಬೀಳ್ಕೊಡುಗೆಯ ದಿನ ಏನು ಆಸೆ ಎಂದು. ಅಂಚೆ ಅಕ್ಕ ಯೋಚಿಸಲೂ ಇಲ್ಲ. “ಆ ದಿನ ಏನೂ ಬೇಡ. ಅದರ ಮಾರನೇ ದಿನ ಬೆಳಿಗ್ಗೆ ಯಾರಾದ್ರೂ ಮೂರನೇ ಮಹಡಿಗೆ ಹೋಗಿ ‘ತಲುಪಿತಾ’ ಅಂತ ಕೇಳಿದ್ರೆ ಸಾಕು.”

ಬಾಗಿಲಲ್ಲಿ ಹೊದಿಕೆ ಮಡಿಸುತ್ತಿದ್ದ ಅಣ್ಣ ತಲೆ ಎತ್ತಿದರು. “ಕೇಳೋಕೆ ನಾನಿದ್ದೀನಲ್ಲ ಅಕ್ಕಾ. ತಲುಪಿಲ್ಲ ಅಂದ್ರೆ ಯಾರಿಗೆ ಬಂದು ಹೇಳ್ಲಿ?”

ಅಂಚೆ ಅಕ್ಕ ಡ್ರಾಯರ್ ಎಳೆದು ಒಂದು ದಪ್ಪ ನೋಟ್‌ಬುಕ್ ತೆಗೆದರು. ಹೊಸ ರಿಲೇ ಬಂದ ದಿನದಿಂದ ದಿನಕ್ಕೆರಡು ಪುಟದಂತೆ ಬರೆಯುತ್ತಿದ್ದಾರಂತೆ: ಏನು ಕೆಟ್ಟರೆ ಎಲ್ಲಿ ನೋಡಬೇಕು, ಯಾವುದನ್ನು ಮೊದಲು ಮುಟ್ಟಬಾರದು. ಬರೆದ ಪ್ರತಿ ಪುಟವನ್ನೂ ಮಧ್ಯಾಹ್ನ ಅಣ್ಣನಿಗೆ ಓದಿ ಹೇಳುತ್ತಾರೆ. ಅವರಿಗೆ ಅರ್ಥವಾಗದಿದ್ದರೆ ಹರಿದು ಮತ್ತೆ ಬರೆಯುತ್ತಾರೆ.

“ನನ್ನ ಜಾಗಕ್ಕೆ ಯಾರು ಬರ್ತಾರೋ ಗೊತ್ತಿಲ್ಲ. ಬಂದವ್ರ ಕೈಗೆ ಇದನ್ನ ನೀವೇ ಕೊಡ್ಬೇಕು ಅಣ್ಣ” ಎಂದು ನೋಟ್‌ಬುಕ್ಕನ್ನು ಅವರತ್ತ ಚಾಚಿದರು. “ಕೊಟ್ಟೆ ಅಂತ ಬಂದು ಹೇಳ್ಬೇಡಿ. ಓದಿದ್ರಾ ಅಂತ ಕೇಳ್ಕೊಂಡು ಬಂದು ಹೇಳಿ.”

ಅಣ್ಣ ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಮೊದಲ ಪುಟ ತೆರೆದರು. ದುಂಡನೆಯ ಅಕ್ಷರದಲ್ಲಿ ಹತ್ತು ವರ್ಷದ ಹಿಂದಿನ ಆ ಶನಿವಾರದ ತಾರೀಖು. ಅದರ ಕೆಳಗೆ, ‘ಇದು ನಾನು ಮಾಡಿದ ತಪ್ಪು. ನೀವು ಮಾಡಬೇಡಿ.’