ಸೋಸದೆ ಓದುವ ಮಾಸ್ತರ

ಮೊನ್ನೆ ಆಫೀಸಿನಲ್ಲಿ ಕೀಲಿಮಣೆಯ ಧೂಳು ಒರೆಸುತ್ತಿದ್ದೆ. ವಿಜಯಪುರದ ಧೂಳು ಗೊತ್ತಲ್ಲ ನಿಮಗೆ, ಬೆಳಿಗ್ಗೆ ಒರೆಸಿದರೆ ಮಧ್ಯಾಹ್ನಕ್ಕೆ ಮತ್ತೆ ಹಾಜರ್. ಒರೆಸುವ ಭರದಲ್ಲಿ ಯಾವುದೋ ಮೂರು ಗುಂಡಿ ಒಟ್ಟಿಗೇ ಅದುಮಿಬಿಟ್ಟೆನೆಂದು ಕಾಣುತ್ತದೆ, ಕಂಪ್ಯೂಟರು ಇದ್ದಕ್ಕಿದ್ದಂತೆ ಮೂಗಿನಲ್ಲಿ ಮಾತಾಡತೊಡಗಿತು. ಪಕ್ಕದ ಮೇಜಿನವರು ಚಹಾದ ಕಪ್ಪು ಹಿಡಿದುಕೊಂಡೇ ಎದ್ದು ನಿಂತರು. "ಏನ್ರೀ ಇದು, ದೆವ್ವ ಹೊಕ್ಕೇತೇನು?" ನಾನು ಕಂಟ್ರೋಲ್ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿ, "ದೆವ್ವ ಅಲ್ರಿ, ನಮ್ಮತ್ತಿ ಮಾಸ್ತರ" ಅಂದೆ. ಅವರಿಗೆ ಇನ್ನಷ್ಟು ಗಾಬರಿಯಾಯಿತು. ಅವರಿಗೆ ಹೇಳದೆ ಬಿಟ್ಟ ಕತೆಯನ್ನು ನಿಮಗೆ ಹೇಳುತ್ತೇನೆ, ಕೂಡ್ರಿ.

ಅತ್ತಿ ಅಂದರೆ ನನ್ನ ಅಪ್ಪನ ಅಕ್ಕ, ಗಂಗಾಬಾಯಿ. ಬಬಲೇಶ್ವರದ ಸಾಲಿಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಮದುವೆ ಬೇಡ ಅಂದವಳು. ಯಾಕೆ ಬೇಡ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಆಗಲಿಲ್ಲ. ಟಿಕೋಟಾದಲ್ಲಿ ನನ್ನ ಅಪ್ಪ-ಅವ್ವನ ಜೊತೆಗಿದ್ದಾಳೆ. ಊರಲ್ಲಿ ಪಾಠ ಹೇಳುವ ಅಕ್ಕೋರು ಅಂದರೆ ಇವತ್ತಿಗೂ ಅವಳೇ. ಚಹಾ ಇಲ್ಲದೆ ಅವಳ ಬೆಳಗು ನಡೆದೀತು, ಪೇಪರ್ ಇಲ್ಲದೆ ನಡೆಯುವುದಿಲ್ಲ. ಮೊದಲ ಪುಟದ ತಲೆಬರಹದಿಂದ ಹಿಡಿದು ಕೊನೆಯ ಪುಟದ ಬುಡದಲ್ಲಿ ಮುದ್ರಕರ ವಿಳಾಸ ಇರುತ್ತದಲ್ಲ, ಅಲ್ಲಿಯವರೆಗೂ ಓದಿಯೇ ಏಳುವವಳು. ಅಂಥವಳ ಕಣ್ಣ ನಡುವೆ ಎರಡು ವರ್ಷದ ಹಿಂದೆ ಮಸುಕು ಬಂದು ಕೂತಿತು. ಎದುರಿಗೆ ಕೂತವರ ಕಿವಿ ಕಾಣುತ್ತಿತ್ತು, ಮೂಗು ಕಾಣುತ್ತಿರಲಿಲ್ಲ. ಪೇಪರಿನ ಅಕ್ಷರವಂತೂ ಮುಗಿದ ಮಾತು.

ಆಗ ನಾವು ಓದಿ ಹೇಳತೊಡಗಿದೆವು. ಅಪ್ಪ ಪುಕ್ಕಲ ಮನುಷ್ಯ. ಅಪಘಾತ, ಕೊಲೆ, ನಿಧನ ಬಂದರೆ ಸದ್ದಿಲ್ಲದೆ ಪುಟ ತಿರುವುತ್ತಿದ್ದ. ಅವ್ವ ರಾಶಿಭವಿಷ್ಯ ಓದುತ್ತಿದ್ದಳು, ಅದೂ ಅತ್ತಿಯ ರಾಶಿ ಕೆಟ್ಟದಿದ್ದರೆ ತನ್ನ ರಾಶಿಯದನ್ನೇ ಅವಳಿಗೂ ಓದಿಬಿಡುತ್ತಿದ್ದಳು. ನಾನು ವಿಜಯಪುರದಿಂದ ಭಾನುವಾರ ಹೋಗುವವನು, ಎಲ್ಲರಿಗಿಂತ ಶಾಣ್ಯಾ. ಇಡೀ ಪುಟದ ಮೇಲೆ ಕಣ್ಣಾಡಿಸಿ, "ಏನಿಲ್ಲತ್ತಿ, ಬರೇ ರಾಜಕೀಯ" ಎಂದು ಮಡಚಿಡುತ್ತಿದ್ದೆ. ಒಂದು ಭಾನುವಾರ ಅವಳ ಸಿಟ್ಟು ನೆತ್ತಿಗೇರಿತು.

"ಮೂರೂ ಮಂದ್ಯಾಗ ಒಬ್ಬರೂ ಪೇಪರ ಓದವಲ್ರಿ. ಕೂಸಿಗಿ ತಿನಸಿದಂಗ ಅನ್ನ ಕಿವುಚಿ ಕಿವುಚಿ ಬಾಯಿಗಿಡಾಕತ್ತೀರಿ. ಹೋಗಿದ್ದು ನನ್ನ ಕಣ್ಣ, ತಲಿ ಅಲ್ಲ. ಸೋಸಿ ಕೊಡಬ್ಯಾಡ್ರಿ ನನಗ. ಇದ್ದದ್ದ ಇದ್ದಂಗ ಓದ್ರಿ, ಇಲ್ಲಂದ್ರ ಬಿಡ್ರಿ."

ನಾವು ಬಿಡಲಿಲ್ಲ, ಸೋಸುವುದನ್ನೂ ಬಿಡಲಿಲ್ಲ. ಅವಳು ಪೇಪರ್ ತರಿಸುವುದನ್ನೇ ಬಿಟ್ಟಳು. ಮಧ್ಯಾಹ್ನದವರೆಗೆ ಗೋಡೆಗೆ ಆತು ಕೂತಿರುತ್ತಿದ್ದಳು. ಹೇಗಾದರೂ ಮಾಡಿ ಇವಳು ತಾನೇ ಓದುವ ಹಾಗೆ ಮಾಡಬೇಕು ಎಂಬ ಹಟ ನನಗೆ ಹಿಡಿಯಿತು. ಹಟದ ವಿಷಯದಲ್ಲಿ ನಾನು ಅವಳ ತಮ್ಮನ ಮಗನೇ ಸೈ.

ನನ್ನ ಹತ್ತಿರ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಬ್ಯಾಟರಿ ಸತ್ತಿತ್ತು, ಪ್ಲಗ್ ಹಾಕಿದರೆ ಮಾತ್ರ ಜೀವ. ರಿಪೇರಿ ಅಂಗಡಿಯವನು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಇದರಾಗ ಹೊಸಾದು ಯಾವದೂ ಏರೂದಿಲ್ರಿ, ಗುಜರಿಗೆ ಹಾಕ್ರಿ" ಅಂದ. ನಾನು ಮನೆಗೆ ತಂದು ವಿಂಡೋಸಿನ ಬದಲು ಲಿನಕ್ಸ್ ಏರಿಸಿದೆ. ನಿಮಗೂ ಮನಸ್ಸಿದ್ದರೆ ಒಂದೆರಡು ಮಾತು ಕಿವಿಗೆ ಹಾಕಿಕೊಳ್ಳಿ. ಮೊದಲೇ ಒಳಗೆ ಇಳಿಸಬೇಡಿ. ಪೆನ್ ಡ್ರೈವಿನಿಂದಲೇ ನಡೆಸಿ, ವೈಫೈ ಹಿಡಿಯುತ್ತದೆಯೇ, ಸ್ಪೀಕರ್ ಕೂಗುತ್ತದೆಯೇ ಎಂದು ನೋಡಿ. ಹಳೆಯ ಯಂತ್ರಕ್ಕೆ ಹಗುರವಾದ ಆವೃತ್ತಿಯನ್ನೇ ಆರಿಸಿ; ಚಂದ ಕಾಣಲಿ ಎಂದು ಭಾರದ್ದನ್ನು ಹೇರಿದರೆ ಅದು ಏದುಸಿರು ಬಿಡುತ್ತದೆ. ಮತ್ತೆ ದಯವಿಟ್ಟು, ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಲೇ ಎಂದು ಅದು ಕೇಳಿದಾಗ ಹಸಿವಿನಲ್ಲಿರಬೇಡಿ. ಊಟ ಮಾಡಿ, ಫೋಟೊ ಗೀಟೊ ಬೇರೆ ಕಡೆ ಇಟ್ಟು, ಆಮೇಲೆ ಹೂಂ ಅನ್ನಿ. ಪ್ರಿಂಟರಿನ ಸುದ್ದಿ ಮಾತ್ರ ಇವತ್ತು ತೆಗೆಯುವುದಿಲ್ಲ, ನನ್ನ ಬಿಪಿ ಏರುತ್ತದೆ.

ನನಗೆ ಬೇಕಿದ್ದದ್ದು ಅದರೊಳಗೇ ಇತ್ತು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ಒಂದು ತಂತ್ರಾಂಶ, ಅದಕ್ಕೊಂದು ಕನ್ನಡದ ಧ್ವನಿ. ಮೊದಲ ಸಲ ಅದು ಬಾಯಿ ಬಿಟ್ಟಾಗ ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು. ಕಬ್ಬಿಣದ ಕೊಳವೆಯಲ್ಲಿ ಕೂತು ನೆಗಡಿಯಾದವನು ಮಾತಾಡಿದ ಹಾಗಿತ್ತು. ಅತ್ತಿ ಮಾತ್ರ ಕಿವಿಗೊಟ್ಟು ಕೇಳಿದಳು.

"ಮೂಗಿನ್ಯಾಗ ಮಾತಾಡ್ತೈತಿ. ಆದ್ರ ಒಂದಕ್ಷರ ನುಂಗೂದಿಲ್ಲ ನೋಡು. ಇರ್ಲಿ ಈ ಮಾಸ್ತರ. ಯಾರ ಕೊಟ್ರು ಇದನ್ನ?"

"ಯಾರೂ ಕೊಟ್ಟಿಲ್ಲತ್ತಿ. ದೇಶದೇಶದ ಮಂದಿ ಕೂಡಿ ಮಾಡ್ಯಾರ. ಪುಕ್ಕಟ."

"ಪುಕ್ಕಟ ಅಂದ್ರ ಏನರ ಇರ್ತೈತಿ ಒಳಗ."

ನಾನು ಅವಳಿಗೆ ಮುಯ್ಯಾಳಿನ ಲೆಕ್ಕದಲ್ಲಿ ಹೇಳಿದೆ. ಇವರ ಹೊಲದ ರಾಶಿಗೆ ಅವರು ಬರುತ್ತಾರೆ, ಅವರ ರಾಶಿಗೆ ಇವರು ಹೋಗುತ್ತಾರೆ, ಕೂಲಿಯ ಮಾತಿಲ್ಲ. ಹಾಗೆಯೇ ಇದನ್ನು ಒಬ್ಬರು ಬರೆದರು, ಇನ್ನೊಬ್ಬರು ತಿದ್ದಿದರು, ನೋಡಬೇಕೆಂದರೆ ಒಳಗಿನದೆಲ್ಲ ಬಿಚ್ಚಿಟ್ಟಿದ್ದಾರೆ. ಅವಳು ತಟ್ಟನೆ ಕೇಳಿದಳು: "ಹಂಗಾರ ನಾವೇನ ಮುಯ್ಯಿ ತೀರಿಸಿದ್ವಿ?" ನಾನು ಮಾತು ತಿರುಗಿಸಲು ನೋಡಿದೆ. ಅವಳು ಬಿಡಲಿಲ್ಲ. ಅಂದಿನಿಂದ ನಾನು ವಾರಕ್ಕೊಮ್ಮೆ ಇಂಟರ್ನೆಟ್ಟಿನ ಒಂದು ಚಾವಡಿಗೆ ಹೋಗಿ, ಕನ್ನಡ ಟೈಪಿಂಗ್ ಬರುತ್ತಿಲ್ಲ, ವೈಫೈ ಕಾಣುತ್ತಿಲ್ಲ ಎಂದು ಗೋಳಾಡುವ ಅಪರಿಚಿತರಿಗೆ ನನಗೆ ತಿಳಿದಷ್ಟು ಹೇಳಿ ಬರುತ್ತೇನೆ. ನಾನು ಹೇಳಿದ್ದು ತಪ್ಪಾದರೆ ಅಲ್ಲಿಯೂ ಬೈಸಿಕೊಳ್ಳುತ್ತೇನೆ.

ಕಲಿಯುವುದು ಸಲೀಸಾಗಲಿಲ್ಲ. ಪೇಪರಿನ ಪುಟವನ್ನು ಇದ್ದ ಹಾಗೇ ತೋರಿಸುವ ಜಾಲತಾಣ ತೆರೆದರೆ ಮಾಸ್ತರ ಮೂಕ. ಅದು ಬರೀ ಚಿತ್ರ, ಅದರಲ್ಲಿ ಅವನಿಗೆ ಅಕ್ಷರ ಕಾಣುವುದಿಲ್ಲ. ಸುದ್ದಿಯನ್ನು ಅಕ್ಷರವಾಗಿಯೇ ಹಾಕುವ ತಾಣ ಹುಡುಕಿ ಕೊಟ್ಟೆ. ಒಂದು ಗುಂಡಿ ಒತ್ತಿದರೆ ತಲೆಬರಹದಿಂದ ತಲೆಬರಹಕ್ಕೆ ಜಿಗಿಯಬಹುದೆಂದು ತೋರಿಸಿದೆ. ಅತ್ತಿ ಜಿಗಿಯುವವಳಲ್ಲ, ಸೀರೆ ಅಂಗಡಿಯ ಜಾಹೀರಾತನ್ನೂ ಕೇಳಿಯೇ ಮುಂದೆ ಹೋಗುವವಳು. ಬೇಡವಾದಾಗ ಕಂಟ್ರೋಲ್ ಒತ್ತಿದರೆ ಅವನು ಸುಮ್ಮನಾಗುತ್ತಾನೆಂದು ತಿಳಿದಾಗ, "ಇಂಥಾ ಗುಂಡಿ ನಿಮ್ಮಪ್ಪಗೂ ಇರಬೇಕಿತ್ತು" ಅಂದಳು. ಪರದೆಯ ಅಕ್ಷರವನ್ನು ಅಂಗೈ ಅಗಲ ಮಾಡಿಕೊಟ್ಟಿದ್ದೆ. ಕಣ್ಣಂಚಿನಲ್ಲಿ ಉಳಿದ ನೋಟದಿಂದ ಎಲ್ಲಿದ್ದೇನೆಂದು ಅಂದಾಜು ಹಿಡಿಯುವಳು, ಉಳಿದದ್ದನ್ನು ಕಿವಿಯಿಂದ ಓದುವಳು. ಮನೆಯಲ್ಲಿ ಮತ್ತೆ ಬೆಳಗಾಯಿತು.

ಹೋದ ಚಳಿಗಾಲದ ಒಂದು ಭಾನುವಾರ ನಾನು ಟಿಕೋಟಾಕ್ಕೆ ಹೋದಾಗ ಅಪ್ಪ ಬಾಗಿಲಲ್ಲೇ ತಡೆದ. ಅರಕೇರಿಯ ಶಕುಂತಲಾ ಅಕ್ಕೋರು ತೀರಿಕೊಂಡಿದ್ದರು, ಬೆಳಿಗ್ಗೆ ಫೋನ್ ಬಂದಿತ್ತು. ಬಬಲೇಶ್ವರದ ಸಾಲಿಯಲ್ಲಿ ಅತ್ತಿಯ ಜೊತೆ ಇಡೀ ನೌಕರಿ ಮಾಡಿದವರು ಅವರು. ಒಂದೇ ಡಬ್ಬಿಯಲ್ಲಿ ಉಂಡವರು. "ಆಕಿಗಿ ಹೇಳಬ್ಯಾಡ. ಮಣ್ಣ ಆಗಿ ನಾಕ ದಿನ ಹೋಗ್ಲಿ, ಸಾವಕಾಶ ಹೇಳೂಣು," ಅಪ್ಪ ಪಿಸುಗುಟ್ಟಿದ. ನಾನು ಹೂಂ ಅಂದೆನೋ ಇಲ್ಲವೋ, ಒಳಗಿನಿಂದ ಮಾಸ್ತರನ ಧ್ವನಿ ಕೇಳಿತು: "ನಿವೃತ್ತ ಶಿಕ್ಷಕಿ ನಿಧನ. ಅರಕೇರಿ ಗ್ರಾಮದ ನಿವೃತ್ತ ಶಿಕ್ಷಕಿ ಶಕುಂ…"

ಅಪ್ಪ ಆ ವಯಸ್ಸಿನಲ್ಲಿ ಅಷ್ಟು ಜೋರಾಗಿ ಓಡಿದ್ದನ್ನು ನಾನು ನೋಡಿಲ್ಲ. ಯಾವ ಗುಂಡಿ ಎಂದು ತಿಳಿಯದೆ ಗೋಡೆಯ ಪ್ಲಗ್ಗನ್ನೇ ಕಿತ್ತ. ಬ್ಯಾಟರಿ ಸತ್ತ ಯಂತ್ರ ಅಲ್ಲಿಗೇ ನಿಂತಿತು. "ಕರೆಂಟ ಹೋತು ನೋಡಕ್ಕಾ" ಅಂದ, ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅತ್ತಿಯ ಮುಖ ಕಪ್ಪಿಟ್ಟಿತು.

"ಪ್ಲಗ್ ಹಾಕು," ಅಂದಳು. ಅಪ್ಪ ಹಾಕಲಿಲ್ಲ. ವೈರನ್ನು ಬೆನ್ನ ಹಿಂದೆ ಹಿಡಿದುಕೊಂಡು ನನ್ನ ಕಡೆ ನೋಡಿದ. ಅವಳೂ ನನ್ನ ಕಡೆಗೇ ತಿರುಗಿದಳು. "ತಮ್ಮಾ, ನೀ ಹಾಕು. ಯಾವಾಗ ಮಣ್ಣ ಮಾಡ್ತಾರ ಅನ್ನೂದನ್ನ ನಾ ಓದಬೇಕು."

ನಾನು ಅಪ್ಪನ ಕೈಯಿಂದ ವೈರ್ ಇಸಿದುಕೊಂಡೆ. ಅವನು ಬಿಗಿಯಾಗಿ ಹಿಡಿದಿದ್ದ. ಅಪ್ಪನ ಬೆರಳು ಬಿಡಿಸುವುದೆಂದರೆ ಏನು ಕಷ್ಟ ಎಂದು ಅವತ್ತು ತಿಳಿಯಿತು. ಪ್ಲಗ್ ಹಾಕಿದೆ. ಹಳೆಯ ಯಂತ್ರ ಏಳಲು ಹೊತ್ತು ಹಿಡಿಯುತ್ತದೆ. ಮೂವರೂ ಅದರ ಮುಂದೆ ಕೂತೆವು. ಕೊನೆಗೆ ಮಾಸ್ತರ ಬಂದ, ಒಂದಿಷ್ಟೂ ಅಳುಕಿಲ್ಲದೆ ಎಲ್ಲ ಓದಿದ. ಅಂತ್ಯಕ್ರಿಯೆ ಅದೇ ದಿನ ಸಂಜೆ, ಅರಕೇರಿಯಲ್ಲಿ. ಅತ್ತಿ ಸೆರಗು ಬಿಗಿದುಕೊಂಡು ಎದ್ದಳು. "ನಡೀರಿ."

ಅಲ್ಲಿ ಅವಳಿಗೆ ಗೆಳತಿಯ ಮುಖ ಕಾಣಲಿಲ್ಲ. ಪಕ್ಕದಲ್ಲಿ ಕೂತು ಹಣೆ, ಕೆನ್ನೆ, ಗದ್ದ ಸವರಿ ನೋಡಿದಳು. ಆಮೇಲೆ ಮನಸಾರೆ ಅತ್ತಳು, ದನಿ ತೆಗೆದು. ಅವಳು ಅಳುವುದನ್ನು ನಾನು ಮೊದಲ ಸಲ ಕಂಡೆ. ತಿರುಗಿ ಬರುವಾಗ ಕಾರಿನಲ್ಲಿ ಅಪ್ಪ ಅಂದ.

"ನೀ ಅಳೂದ ನನಗ ನೋಡಾಕ ಆಗೂದಿಲ್ಲಕ್ಕಾ."

"ನೋಡಬ್ಯಾಡ. ಆದ್ರ ನನ್ನ ಅಳು ನೀ ಕಸಗೋಬ್ಯಾಡ," ಅಂದಳು. ಮತ್ತೆ ತಾನೇ ಅವನ ಕೈ ಹುಡುಕಿ ಹಿಡಿದುಕೊಂಡಳು. ಅಪ್ಪ ಆಮೇಲೆ ಎಂದೂ ಆ ಪ್ಲಗ್ಗಿನ ತಂಟೆಗೆ ಹೋಗಲಿಲ್ಲ.

ಇದೆಲ್ಲ ಇಷ್ಟು ತಾಜಾ ಆಗಿ ನೆನಪಾಗಲು ಕಾರಣ ನಿನ್ನೆಯ ದಿನ. ಅತ್ತಿಯನ್ನು ವಿಜಯಪುರದ ಕಣ್ಣಿನ ಡಾಕ್ಟರ ಹತ್ತಿರ ಕರೆತಂದಿದ್ದೆ. ತಪಾಸಣೆ ಮುಗಿಸಿ ಡಾಕ್ಟರು ನನ್ನನ್ನು ಬದಿಗೆ ಕರೆದರು. "ಉಳದಿರೋ ಅಂಚಿನ ನೋಟಾನೂ ಹೋಗ್ತೈತ್ರಿ. ನಮ್ಮ ಕೈಯಾಗ ಇನ್ನೇನೂ ಇಲ್ಲ. ವಯಸ್ಸಾದವರು, ಈಗ ಅವರಿಗೆ ಹೇಳಾಕ ಹೋಗಬ್ಯಾಡ್ರಿ." ಒಳ್ಳೆಯ ಮನುಷ್ಯ, ಒಳ್ಳೆಯದಕ್ಕೇ ಹೇಳಿದರು. ಕಾರು ತೊರವಿ ದಾಟುತ್ತಿದ್ದಾಗ ಅತ್ತಿ ಕೇಳಿದಳು: "ಏನಂದ್ರು ಡಾಕ್ಟರು?"

ಸಿಹಿಯಾದ ಒಂದು ಸುಳ್ಳು ನಾಲಿಗೆಯ ತುದಿಗೇ ಬಂದು ನಿಂತಿತ್ತು. ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ಡಾಕ್ಟರು ಹೇಳಿದ ಒಂದೊಂದು ಮಾತನ್ನೂ, ಅವಳಿಗೆ ಹೇಳಬೇಡಿ ಅಂದದ್ದನ್ನೂ ಸೇರಿಸಿ, ಹಾಗೆಯೇ ಹೇಳಿದೆ. ಅವಳು ಮಡಿಲಲ್ಲಿ ಕೈ ಇಟ್ಟುಕೊಂಡು ಕೇಳಿದಳು.

"ಎಷ್ಟ ದಿನಕ್ಕ?"

"ವರ್ಷ ಆಗಬಹುದು. ಅದಕ್ಕಿಂತ ಲಗೂನೂ ಆಗಬಹುದು ಅಂದಾರ."

"ಅಂಜಿಕಿ ಬರ್ತೈತಿ ನನಗ," ಅಂದಳು. ಅವಳ ಬಾಯಿಂದ ಆ ಮಾತು ನಾನು ಕೇಳಿರಲಿಲ್ಲ. ಭುಜ ಹಿಡಿದುಕೊಂಡೆ. ಲಾರಿಗಳು ಹಾದುಹೋದವು. ಮೂಗು ಒರೆಸಿಕೊಂಡು, "ನಡಿ. ಇರೂತನಕ ಕಲ್ಯೂದ ಐತಿ" ಅಂದಳು.

ಮನೆ ಮುಟ್ಟಿ ಊಟ ಮುಗಿಸಿದ ಕೂಡಲೇ ಲ್ಯಾಪ್‌ಟಾಪಿನ ಮುಂದೆ ಕೂತು, ಪರದೆಯ ಬೆಳಕನ್ನು ಪೂರ್ತಿ ಇಳಿಸು ಅಂದಳು. ಇಳಿಸಿದೆ, ಪರದೆ ಕಪ್ಪಾಯಿತು. "ನೀನೂ ಕಣ್ಣ ಮುಚ್ಚು. ನೋಡಿ ನೋಡಿ ಕಲಸಾವ ನನಗ ಇನ್ನ ಮುಂದ ಉಪಯೋಗಿಲ್ಲ." ಮುಚ್ಚಿದೆ. ಇಷ್ಟು ವರ್ಷ ಕಂಪ್ಯೂಟರಿನ ಮುಂದೆ ಸವೆದ ನನ್ನ ಬೆರಳಿಗೆ ಒಂದು ಗುಂಡಿಯೂ ಸಿಗಲೊಲ್ಲದು. ಎಲ್ಲೋ ಒತ್ತಿದೆ, ಮಾಸ್ತರ ಏನೋ ಒದರಿದ. ಅತ್ತಿ ನನ್ನ ತೋರುಬೆರಳು ಹಿಡಿದು ನಡುಸಾಲಿನ ಒಂದು ಗುಂಡಿಯ ಮೇಲಿಟ್ಟಳು. ಅದರ ಮೈಮೇಲೆ ಸಣ್ಣದೊಂದು ಗೆರೆ ಉಬ್ಬಿತ್ತು. ಹಾಗೊಂದು ಗೆರೆ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

"ಇಲ್ಲಿಂದ ಎಣಸು. ಕಣ್ಣ ತಗದೀಯೇನ?"

"ಇಲ್ಲತ್ತಿ."

ತೆರೆದಿರಲಿಲ್ಲ. ಇಬ್ಬರೂ ಮತ್ತೆ ಮೊದಲಿನಿಂದ ಶುರುಮಾಡಿದೆವು.